ಎಲ್ಲರ ಮನೆಗೂ ಒಬ್ಬಳೇ ದೊಡ್ಡಮ್ಮ

ದೊಡ್ಡಮ್ಮನಿಗೆ ಮನುಷ್ಯರೆಂದರೆ ಆಗುತ್ತಿರಲಿಲ್ಲ. ಅದರಲ್ಲೂ ಮಾತ್ರೆ ನುಂಗದೆ ಮನೆಯಲ್ಲಿ ಕೂತವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ಇಂಥವಳಿಗೆ ಸಿಕ್ಕ ಕೆಲಸವೋ, ಅವರನ್ನೇ ಹುಡುಕಿಕೊಂಡು ಹೋಗುವುದು. ಆಸ್ಪತ್ರೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಎಚ್‌ಐವಿಯ ಬಗ್ಗೆ ಒಂದು ಅಧ್ಯಯನ ನಡೆಯುತ್ತಿತ್ತು. ಔಷಧ ಎಲ್ಲರಿಗೂ ಪುಕ್ಕಟೆಯಾಗಿ ಸಿಕ್ಕರೂ ಬಡವರು ಅದನ್ನು ನಡುವೆ ಬಿಟ್ಟುಬಿಡುತ್ತಾರಲ್ಲ, ಉಳ್ಳವರು ಬಿಡುವುದಿಲ್ಲವಲ್ಲ, ಅದೇಕೆ ಎಂಬುದು ಅಲ್ಲಿನ ಪ್ರಶ್ನೆ. ಮಾತ್ರೆಯ ದಿನ ಬಾರದೆ ತಪ್ಪಿಸಿಕೊಂಡವರ ಮನೆ ಪತ್ತೆ ಹಚ್ಚಿ, ನೆರೆಹೊರೆಗೆ ಸುಳಿವು ಸಿಗದಂತೆ ಮಾತಾಡಿಸಿ, ಬೈದೋ ಬೇಡಿಯೋ ಮತ್ತೆ ಕರೆತರುವುದು ದೊಡ್ಡಮ್ಮನ ಪಾಲಿಗೆ ಬಂದಿತ್ತು. ಬೇಡುವುದು ಅವಳಿಗೆ ಬರುತ್ತಿರಲಿಲ್ಲ, ಬೈಯುವುದು ಬರುತ್ತಿತ್ತು.

ಅವಳಿಗಿಂತ ಮುಂಚೆ ಈ ಕೆಲಸಕ್ಕೆ ಒಬ್ಬ ಯುವಕನಿದ್ದ. ವಿಮೆ ಮಾರುವವನೆಂದು ಹೇಳಿಕೊಂಡು ಮನೆಗಳಿಗೆ ಹೋಗುತ್ತಿದ್ದ. ಜನ ಕಾಯಿಲೆಗಿಂತ ವಿಮೆಗೆ ಹೆಚ್ಚು ಹೆದರುತ್ತಾರೆಂಬುದು ಅವನಿಗೆ ಗೊತ್ತಿರಲಿಲ್ಲ, ಒಂದು ಬಾಗಿಲೂ ತೆರೆಯಲಿಲ್ಲ. ಅವನು ಕೈಚೆಲ್ಲಿ ಹೋದ ಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಿಂದ ಇವಳನ್ನು ಕರೆಸಿದರು. ಇವಳು ಮೊದಲ ದಿನವೇ ಉಪಾಯ ಕಂಡುಕೊಂಡಳು. ಹೋದ ಮನೆಯಲ್ಲೆಲ್ಲ ತಾನು ಇವರ ದೊಡ್ಡಮ್ಮ, ತಾಯಿಯ ಅಕ್ಕ ಎಂದುಬಿಡುವುದು. ಗೆಳತಿ ಎಂದರೆ ಎಲ್ಲಿಯ ಗೆಳತಿ ಎಂದು ಕೇಳುತ್ತಾರೆ. ಅತ್ತೆ ಎಂದರೆ ಏನೋ ಜಗಳಕ್ಕೆ ಬಂದಿದ್ದಾಳೆಂದು ಕಿವಿ ನಿಮಿರಿಸುತ್ತಾರೆ. ದೊಡ್ಡಮ್ಮನನ್ನು ಯಾರೂ ಏನೂ ಕೇಳುವುದಿಲ್ಲ. ಅವಳು ಸೀದಾ ಅಡುಗೆಮನೆಗೆ ನುಗ್ಗಬಹುದು, ಡಬ್ಬಿಯ ಮುಚ್ಚಳ ತೆಗೆದು ನೋಡಬಹುದು, ಏಕೆ ಸೊರಗಿದ್ದೀಯ ಎಂದು ಗದರಿಸಬಹುದು. ಅಧ್ಯಯನ ನಡೆಸುತ್ತಿದ್ದ ಮೇಡಂ ಈ ಉಪಾಯವನ್ನು ಮೆಚ್ಚಿ ತಲೆದೂಗಿದರು. ಆಸ್ಪತ್ರೆಯವರೂ ಅವಳನ್ನು ಅದೇ ಹೆಸರಿನಿಂದ ಕರೆಯತೊಡಗಿದರು. ಒಬ್ಬ ತಂಗಿಯೂ ಇಲ್ಲದ ಹೆಂಗಸು ಹೀಗೆ ಅರ್ಧ ಊರಿಗೆ ದೊಡ್ಡಮ್ಮನಾದಳು.

ಮೇಡಂ ಅವಳನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ದೊಡ್ಡಮ್ಮನಿಗೂ ಅದೇ ಕಾಯಿಲೆ. ಗಂಡ ಮನೆಗಳಿಗೆ ಸುಣ್ಣಬಣ್ಣ ಬಳಿಯುತ್ತಿದ್ದವನು, ಹೋಗುವಾಗ ಇದನ್ನೊಂದು ಬಿಟ್ಟುಹೋದ. ಅತ್ತೆ ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ಬಾಯ್ತುಂಬ ಮಾತಾಡಿಸುತ್ತಲೇ ಸೊಸೆ ಮುಟ್ಟಿದ ಚಿಲಕವನ್ನು ಒದ್ದೆಬಟ್ಟೆಯಿಂದ ಒರೆಸುತ್ತಿದ್ದಳು, ಅಷ್ಟೆ. ಆ ಬಟ್ಟೆಯನ್ನು ನೋಡಲಾರದೆ ದೊಡ್ಡಮ್ಮ ಒಂದು ದಿನ ಟ್ರಂಕು ಎತ್ತಿಕೊಂಡು ಹೊರಟಳು. ಈಗ ತಾನಿದ್ದ ವಠಾರದಲ್ಲಿ ಅವಳು ಆಸ್ಪತ್ರೆಯಲ್ಲಿ ಕೆಲಸ ಮಾಡುವ, ಗಂಡನಿಲ್ಲದ, ಬಾಯಿ ಜೋರಿನ ಹೆಂಗಸು. ಬೇರೆ ಯಾವ ವಿಷಯವೂ ಅಲ್ಲಿ ಯಾರಿಗೂ ತಿಳಿಯದಂತೆ ಜೋಪಾನ ಮಾಡಿಕೊಂಡಿದ್ದಳು. ಪಕ್ಕದ ಮನೆಯವಳು ಮಗುವನ್ನು ಇವಳ ತೊಡೆಯ ಮೇಲೆ ಹಾಕಿ ನೀರಿಗೆ ಹೋಗುತ್ತಿದ್ದಳು. ಆ ಮಗುವಿನ ತೂಕವೊಂದೇ ಅವಳಿಗೆ ಈ ಪ್ರಪಂಚದಲ್ಲಿ ಸಿಟ್ಟು ಬರಿಸದ ವಸ್ತು.

ಊರಿನ ನಡುವೆ ರೈಲು ಹಳಿ ಹಾದುಹೋಗಿತ್ತು. ಹಳಿಯಾಚೆ ಕಾರುಗಳು ನಿಲ್ಲುವ ಮನೆಗಳು, ಹಳಿಯೀಚೆ ಒಂದೇ ನಲ್ಲಿಗೆ ಸಾಲು ನಿಲ್ಲುವ ಮನೆಗಳು. ಕಾಯಿಲೆ ಎರಡೂ ಕಡೆ ಇತ್ತು. ಆದರೆ ಆಚೆಯವರು ಮಾತ್ರೆ ತಪ್ಪಿಸಿದರೆ ಮೇಡಂ ಕೋಣೆಯಿಂದ ಫೋನ್ ಹೋಗುತ್ತಿತ್ತು, ಈಚೆಯವರು ತಪ್ಪಿಸಿದರೆ ದೊಡ್ಡಮ್ಮ ಚಪ್ಪಲಿ ಮೆಟ್ಟುತ್ತಿದ್ದಳು. ಹೀಗೇಕೆ ಎಂದು ಅವಳು ಯೋಚಿಸಿದವಳಲ್ಲ. ಬಡವರ ಮನೆ ಬಾಗಿಲಿಗೆ ಯಾರು ಬೇಕಾದರೂ ಹೋಗಬಹುದೆಂಬುದು ಬಡವಳಾದ ಅವಳಿಗೂ ಸಹಜವಾಗಿಯೇ ಕಂಡಿತ್ತು.

ಪಾರ್ಲರಿನವಳನ್ನು ಹುಡುಕುವ ಸರದಿ ಬಂದದ್ದು ಮಳೆ ಮುಗಿಯುತ್ತಿದ್ದ ದಿನಗಳಲ್ಲಿ. ಇಪ್ಪತ್ತರ ಆಸುಪಾಸಿನ ಹುಡುಗಿ, ಹೆಂಗಸರ ಕೂದಲು ಕತ್ತರಿಸಿ ಬಣ್ಣ ಹಚ್ಚುವ ಅಂಗಡಿಯಲ್ಲಿ ಕೆಲಸ. ಕಾಯಿಲೆ ಯಾರಿಂದ ಬಂತೆಂದು ಕೇಳುವ ಚಾಳಿ ದೊಡ್ಡಮ್ಮನಿಗಿರಲಿಲ್ಲ. ಮಾತ್ರೆ ಏಕೆ ಬಿಟ್ಟೆ ಎಂಬುದೊಂದೇ ಅವಳ ಪ್ರಶ್ನೆ. ಹುಡುಗಿ ಮನೆ ಬದಲಿಸಿದ್ದಳು. ಹೊಸ ಕೋಣೆ ಇದ್ದದ್ದು ನಲ್ಲಿ ಓಣಿಯಲ್ಲಿ, ದೊಡ್ಡಮ್ಮನಿಗೆ ಚೆನ್ನಾಗಿ ಗೊತ್ತಿದ್ದ ಓಣಿಯಲ್ಲಿ. ಮಹಡಿಯ ಮೆಟ್ಟಿಲ ಮೇಲೆ ಮನೆಯೊಡತಿ ಕೂತಿದ್ದಳು. ದೊಡ್ಡಮ್ಮ ಅವಳತ್ತ ನೋಡಿ, "ನಮ್ಮ ತಂಗಿ ಮಗಳು ಇಲ್ಲೇ ಇದಾಳಂತಲ್ಲ," ಎಂದು ಹೇಳಿ ಕೆಳಗಿನ ಬಾಗಿಲು ತಟ್ಟಿದಳು. ಮನೆಯೊಡತಿ ನಕ್ಕಳು.

ಹುಡುಗಿ ಬಾಗಿಲು ತೆರೆದು, ಮುಖ ನೋಡಿ, ಕೈ ಹಿಡಿದು ಒಳಗೆಳೆದು ಚಿಲಕ ಹಾಕಿದಳು. ಕೋಣೆಯ ತುಂಬ ಬಣ್ಣದ ಔಷಧಿಯ ವಾಸನೆ. ಹಗ್ಗದ ಮೇಲೆ ಅಂಗಡಿಯ ಟವೆಲುಗಳು ಒಣಗುತ್ತಿದ್ದವು, ಬಕೆಟ್ಟಿನ ಸೋಪುನೀರಿನಲ್ಲಿ ಬಾಚಣಿಗೆಗಳು ನೆನೆಯುತ್ತಿದ್ದವು.

"ಏನೇ, ಎರಡು ಸಲದಿಂದ ಪತ್ತೇನೇ ಇಲ್ಲ? ಸತ್ತೋಗಿದೀಯೇನೋ ಅಂದ್ಕೊಂಡೆ," ಎಂದಳು ದೊಡ್ಡಮ್ಮ.

"ಮೆಲ್ಲಗೆ ಮಾತಾಡಿ. ಮೇಲೆ ಅವರು ಕೂತಿದಾರೆ."

"ಕೂತ್ರೆ ಕೂತಿರ್ಲಿ. ನಾನು ನಿನ್ನ ದೊಡ್ಡಮ್ಮ."

"ಅಯ್ಯೋ, ತೊಂದರೆ ಆಗಿರೋದೇ ಅದರಿಂದ!" ಹುಡುಗಿ ಹಣೆ ಚಚ್ಚಿಕೊಂಡಳು. "ಮೂಲೆಮನೆ ವಾಚ್‌ಮನ್ ತಾತಂಗೆ ನಿಮಗಿಂತ ವಯಸ್ಸಾಗಿದೆ, ಅವರಿಗೂ ನೀವೇ ದೊಡ್ಡಮ್ಮ. ಇಸ್ತ್ರಿಯವಳಿಗೂ ನೀವೇ ದೊಡ್ಡಮ್ಮ. ಅವಳ ಮಾತ್ರೆ ಡಬ್ಬಿ ನಲ್ಲಿ ಹತ್ರ ಬಿದ್ದು ಎಲ್ಲಾ ಚೆಲ್ಲಾಡ್ತಲ್ಲ, ಅವತ್ತೇ ಡಬ್ಬಿ ಮೇಲಿನ ಹೆಸರು ಓದಿ ಈ ಓಣಿಯವರಿಗೆ ಗೊತ್ತಾಯ್ತು. ಆಮೇಲೆ ನೀವು ಯಾರ್ಯಾರ ಮನೆಗೆ ಬರ್ತೀರಿ ಅಂತ ನೋಡ್ತಾ ಕೂತ್ಕೊಂಡ್ರು. ಈಗ ಇಲ್ಲಿ ಜಗಳ ಆದ್ರೆ ಹೆಂಗಸರು ಏನಂತ ಬೈತಾರೆ ಗೊತ್ತಾ? 'ನಿನ್ನ ಮನೆಗೆ ದೊಡ್ಡಮ್ಮ ಬರ್ಲಿ' ಅಂತ ಬೈತಾರೆ."

ದೊಡ್ಡಮ್ಮನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಇಸ್ತ್ರಿಯವಳು ಅಂಗಡಿ ಮುಚ್ಚಿಕೊಂಡು ಊರು ಬಿಟ್ಟಿದ್ದು ಅವಳಿಗೆ ಗೊತ್ತಿತ್ತು. ವ್ಯಾಪಾರ ಬಿದ್ದುಹೋಯಿತೆಂದು ಯಾರೋ ಹೇಳಿದ್ದರು. ಬಟ್ಟೆ ಕೊಡುವುದನ್ನು ಜನ ಏಕೆ ನಿಲ್ಲಿಸಿದರೆಂದು ಅವಳು ವಿಚಾರಿಸಿರಲಿಲ್ಲ. ಆದರೂ ತಪ್ಪು ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ.

"ಮಾತ್ರೆ ಬಿಡೋಕೆ ಒಂದೊಂದು ನೆಪ ನಿಮಗೆ," ಎಂದಳು. "ನಾನು ಬರೋಕಿಂತ ಮುಂಚೆ ನೀನು ಬಿಟ್ಟಿದ್ದು ಯಾಕೆ?"

"ನಿಮ್ಮಲ್ಲಿ ಮಾತ್ರೆ ಕೊಡೋದು ಗುರುವಾರ, ನನಗೆ ರಜೆ ಮಂಗಳವಾರ. ಅಂಗಡಿ ಓನರು ಈ ಮನೆಯೊಡತಿ ತಂಗಿ. ಗುರುವಾರ ರಜೆ ಕೇಳಿದ್ರೆ ಯಾಕೆ ಅಂತಾರೆ. ಏನು ಹೇಳ್ಲಿ? ಈ ಕೋಣೆ ಹೋದ್ರೆ ಆ ಕೆಲ್ಸಾನೂ ಹೋಯ್ತು. ನಿಮ್ಮ ಕಾಲಿಗೆ ಬೀಳ್ತೀನಿ, ಇಲ್ಲಿಗೆ ಬರಬೇಡಿ. ನಾನೇ ಹೇಗಾದ್ರೂ ಬರ್ತೀನಿ."

"ಎಲ್ರೂ ಹೀಗೇ ಅಂತಾರೆ," ಎಂದು ದೊಡ್ಡಮ್ಮ ಎದ್ದಳು. ಹೊರಗೆ ಬಂದಾಗ ಮನೆಯೊಡತಿ ಇನ್ನೂ ಮೆಟ್ಟಿಲ ಮೇಲೇ ಇದ್ದಳು.

ಮರುದಿನ ದೊಡ್ಡಮ್ಮ ಮೇಡಂಗೆ ವರದಿ ಒಪ್ಪಿಸಿದಳು. ರಜೆಯ ವಿಷಯ ಹೇಳಿದಳು, ದೊಡ್ಡಮ್ಮ ಬರಲಿ ಎಂಬ ಬೈಗುಳವನ್ನು ನುಂಗಿಕೊಂಡಳು. ಮೇಡಂ ಓದಿದವರು, ತೆಳ್ಳಗಿನವರು, ಬೈದರೂ ದನಿ ಏರಿಸದವರು. ದೊಡ್ಡಮ್ಮನಿಗೆ ಅವರ ಮೇಲಿದ್ದ ದೊಡ್ಡ ದೂರು ಅದೇ. ಜಗಳಕ್ಕೆ ಸಿಗದವರೊಂದಿಗೆ ಬಾಳುವುದಾದರೂ ಹೇಗೆ?

"ಆ ಹುಡುಗಿಗೆ ಮಂಗಳವಾರವೇ ಮಾತ್ರೆ ಕೊಡೋಣ. ನಾನು ಫೋನ್ ಮಾಡಿ ಹೇಳ್ತೀನಿ," ಎಂದರು ಮೇಡಂ. "ನೀವು ಕೂತ್ಕೊಳ್ಳಿ ದೊಡ್ಡಮ್ಮ. ಒಂದು ಮಾತಿದೆ."

"ನಿಂತೇ ಕೇಳ್ತೀನಿ."

ಗೋಡೆಯ ಮೇಲೆ ಊರಿನ ನಕಾಶೆ ಇತ್ತು. ಮಾತ್ರೆ ಬಿಟ್ಟವರಿದ್ದ ಕಡೆ ಕೆಂಪು ಚುಕ್ಕೆ. ಹಳಿಯೀಚೆ ಸಿಡುಬೆದ್ದ ಹಾಗೆ ಕೆಂಪು.

"ನಾವು ಮನೆಗೆ ಹೋಗಿ ಬಂದ ಕಡೆಯೇ ಜನ ಹೆಚ್ಚು ಬಿಟ್ಟುಹೋಗ್ತಿದಾರೆ," ಎಂದರು ಮೇಡಂ.

"ಬಿಟ್ಟವರ ಮನೆಗೇ ತಾನೆ ನಾನು ಹೋಗೋದು? ಬೆಂಕಿ ಬಿದ್ದ ಕಡೆ ನೀರಿನ ಗಾಡಿ ಇರುತ್ತೆ. ಗಾಡಿ ಬಂದಿದ್ದಕ್ಕೇ ಬೆಂಕಿ ಬಿತ್ತು ಅಂತೀರಾ?"

"ನಾನೂ ಮೊದಲು ಹಾಗೇ ಅಂದ್ಕೊಂಡೆ. ಆದ್ರೆ ನೀವು ಹೋದ ಮನೆಯ ಅಕ್ಕಪಕ್ಕ ಇರೋರು, ಒಂದು ಸಲವೂ ತಪ್ಪಿಸದೇ ಇದ್ದೋರು, ಅವರೂ ಬಿಡ್ತಿದಾರೆ. ಹಳಿಯಾಚೆ ಹಾಗಾಗ್ತಿಲ್ಲ."

"ಹಳಿಯಾಚೆಗೆ ನಾನು ಹೋಗೋದೇ ಇಲ್ವಲ್ಲ."

ತಾನೇ ಆಡಿದ ಮಾತಿನ ಅರ್ಥ ದೊಡ್ಡಮ್ಮನ ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ ಮೇಲೆ ಅವಳು ಮೇಜಿಗೆ ಕೈಯಪ್ಪಳಿಸಿದಳು.

"ಅವರಿಗೆ ಫೋನು, ಇವರಿಗೆ ನಾನು! ಆ ನಿಯಮ ಮಾಡಿದ್ದು ಯಾರು?"

"ನಾನೇ. ಆಚೆಯವರು ಮೊದಲ ದಿನವೇ, ಮನೆಗೆ ಯಾರೂ ಬರಕೂಡದು ಅಂತ ಖಡಾಖಂಡಿತವಾಗಿ ಹೇಳಿದ್ರು. ಈಚೆಯವರು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ." ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇನ್ನು ಮೇಲೆ ಮನೆಭೇಟಿ ನಿಲ್ಲಿಸ್ತಿದೀನಿ. ಎಲ್ಲರನ್ನೂ ಕೇಳೋಣ, ಯಾರಿಗೆ ಹೇಗೆ ಬೇಕೋ ಹಾಗೆ. ಆ ಹುಡುಗಿ ಬರ್ತಾಳೇನೋ ನೋಡೋಣ, ಮಂಗಳವಾರದವರೆಗೂ ಎಲ್ಲಿಗೂ ಹೋಗಬೇಡಿ."

ದೊಡ್ಡಮ್ಮ ದಡದಡನೆ ಹೊರಗೆ ಬಂದಳು. ಮೇಡಂ ಹೇಳಿದ್ದೂ ಪಾರ್ಲರಿನವಳು ಹೇಳಿದ್ದೂ ಒಂದೇ ಮಾತೆಂಬುದು ಅವಳಿಗೆ ಹೊಳೆದಿತ್ತು. ಹೊಳೆದದ್ದರಿಂದಲೇ ಸಿಟ್ಟು ನೆತ್ತಿಗೇರಿತ್ತು. ಬಿಸಿಲು ಮಳೆ ಎನ್ನದೆ ಓಣಿ ಓಣಿ ತಿರುಗಿ, ಬಾಗಿಲಲ್ಲಿ ಬೈಸಿಕೊಂಡು, ನಾಯಿಗಳಿಂದ ಅಟ್ಟಿಸಿಕೊಂಡು ಬದುಕಿಸಿದ ಜನ ಎಷ್ಟಿಲ್ಲ! ಈಗ ಅವರ ಪಾಲಿಗೆ ತಾನೇ ಕಾಯಿಲೆಯೆಂದರೆ? ಫೋನ್ ಮಾಡುತ್ತಾರಂತೆ ಫೋನ್. ಅಂಗಡಿಯಲ್ಲಿ ಕೆಲಸದವರ ಫೋನುಗಳು ಓನರಿನ ಮೇಜಿನ ಮೇಲಿರುತ್ತವೆ, ಹುಡುಗಿ ಎತ್ತುವುದಿಲ್ಲ, ಎತ್ತಿದರೂ ಬರುವುದಿಲ್ಲ. ಅವಳನ್ನು ತಾನೇ ಎಳೆದುಕೊಂಡು ಬಂದು ಮೇಡಂ ಮುಂದೆ ನಿಲ್ಲಿಸಬೇಕು. ನೋಡಿ, ಫೋನಿಗೆ ಬಾರದವಳು ನಾನು ಕಾಲು ಸವೆಸಿದ್ದಕ್ಕೆ ಬಂದಳು ಎನ್ನಬೇಕು. ಹಠ ಎಂದರೆ ಹಠ. ಹುಡುಗಿ ಕಾಲಿಗೆ ಬೀಳುತ್ತೇನೆಂದದ್ದು ಆ ಹಠದಲ್ಲಿ ಎಲ್ಲೋ ಕೊಚ್ಚಿಹೋಯಿತು. ಅಂದು ಸಂಜೆಯೇ ಅವಳು ನಲ್ಲಿ ಓಣಿಯ ತಿರುವಿನಲ್ಲಿದ್ದಳು.

ನಲ್ಲಿಯಲ್ಲಿ ನೀರು ಬರುವ ಹೊತ್ತು. ಇಡೀ ಓಣಿ ಕೊಡ ಹಿಡಿದು ನಿಂತಿತ್ತು. ಸೈಕಲ್ ರಿಪೇರಿಯವನ ಅಂಗಡಿ ಮುಂದೆ ಸ್ಟೂಲೊಂದಿತ್ತು. ಕಾಲು ನೋಯುತ್ತಿದೆಯೆಂದು ಎರಡು ತಿಂಗಳ ಹಿಂದೆ ದೊಡ್ಡಮ್ಮ ಅದರ ಮೇಲೆ ಕೂತಿದ್ದಳು. ಈಗ ಅವಳನ್ನು ಕಂಡೊಡನೆ ಅವನು ಅದನ್ನು ಎತ್ತಿ ಒಳಗಿಟ್ಟುಕೊಂಡ. ಮಾತಿಲ್ಲ ಕತೆಯಿಲ್ಲ, ಎತ್ತಿ ಒಳಗಿಟ್ಟುಕೊಂಡ. ಸಾಲಿನಲ್ಲಿದ್ದ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು.

ಮೆಟ್ಟಿಲ ಮೇಲಿಂದ ಮನೆಯೊಡತಿ ಕೂಗಿ ಕೇಳಿದಳು. "ಬಂದ್ರಾ? ಇವತ್ತು ಯಾರ ದೊಡ್ಡಮ್ಮ ನೀವು?"

ಸಾಲಿನ ತುಂಬ ನಗು. ಆ ನಗು ಕೇಳಿದ ಕ್ಷಣ ದೊಡ್ಡಮ್ಮನ ಹಠ ಜರ್ರನೆ ಇಳಿದುಹೋಯಿತು. ಹುಡುಗಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತಿರುಗಿ ಹೋಗೋಣವೆಂದರೆ ತಡವಾಗಿತ್ತು. ಪಾರ್ಲರಿನವಳು ಬಕೆಟ್ ಹಿಡಿದು ಬಾಗಿಲಿಗೆ ಬಂದಿದ್ದಳು, ಬಾಚಣಿಗೆ ನೆನೆಸಿದ ನೀರು ಚೆಲ್ಲಲು. ದೊಡ್ಡಮ್ಮನನ್ನು ನೋಡಿ ಅಲ್ಲೇ ನಿಂತಳು.

"ನಿಮ್ಮ ದೊಡ್ಡಮ್ಮ ಬಂದಿದಾರಲ್ಲೇ," ಎಂದಳು ಮನೆಯೊಡತಿ, ಮೆಟ್ಟಿಲು ಇಳಿಯುತ್ತ. ದನಿಯಲ್ಲಿ ಈಗ ನಗುವಿರಲಿಲ್ಲ. "ಕೋಣೆ ಕೇಳೋಕೆ ಬಂದಾಗ ನನಗೆ ಯಾರೂ ಇಲ್ಲ ಅಂದಿದ್ದೆ. ಈ ಸಂಬಂಧ ಇದೆ ಅಂತ ಹೇಳೇ ಇಲ್ಲ. ನಮ್ಮ ತಂಗಿ ಅಂಗಡೀಲಿ ಬೇರೆ ಕೆಲಸಕ್ಕೆ ಇದೀಯ. ನಿಜ ಹೇಳು, ಈಯಮ್ಮ ನಿನಗೆ ಏನಾಗ್ಬೇಕು?"

ಹುಡುಗಿ ಬಕೆಟ್ಟನ್ನು ಎದೆಗವಚಿಕೊಂಡಳು. ಇನ್ನು ಒಂದು ನಿಮಿಷ ಹೀಗೇ ನಿಂತರೆ ಇವಳ ಮುಖವೇ ಎಲ್ಲವನ್ನೂ ಹೇಳಿಬಿಡುತ್ತದೆಂದು ದೊಡ್ಡಮ್ಮನಿಗೆ ಗೊತ್ತಾಯಿತು. ಅವಳಿಗೆ ಬರುತ್ತಿದ್ದ ವಿದ್ಯೆ ಒಂದೇ. ಅದನ್ನೇ ತೆಗೆದಳು.

"ದೊಡ್ಡಮ್ಮನಂತೆ ದೊಡ್ಡಮ್ಮ!" ಎಂದು ಅಬ್ಬರಿಸಿದಳು. ನಲ್ಲಿಯ ಬಳಿ ಕೊಡವೊಂದು ಕೆಳಗೆ ಬಿತ್ತು. "ಇಂಥವಳಿಗೆ ದೊಡ್ಡಮ್ಮ ಆಗೋಕೆ ನನಗೇನು ಗ್ರಹಚಾರ? ಒಳಗೆ ಬಿಟ್ಕೊಳ್ಳಲಿ ಅಂತ ತಂಗಿ ಮಗಳು ಅಂದೆ, ಅಷ್ಟೆ. ಕೇಳಿ ಎಲ್ರೂ. ನನಗೆ ಆ ಕಾಯಿಲೆ ಇದೆ. ಎಚ್‌ಐವಿ. ನೀವೆಲ್ಲ ಬಾಯಿಗೆ ಕೈ ಅಡ್ಡ ಇಟ್ಕೊಂಡು ಗುಸುಗುಸು ಅಂತೀರಲ್ಲ, ಅದೇ. ಕೂದಲು ಕತ್ತರಿಸಮ್ಮ ಅಂತ ಇವಳ ಅಂಗಡಿಗೆ ಹೋದೆ. ಎಲ್ಲಿ ತಿಳ್ಕೊಂಡಿದ್ಲೋ ಏನೋ, ನಿಮ್ಮಂಥೋರ ತಲೆಗೆ ಹಾಕಿದ ಬಾಚಣಿಗೆ ಬೇರೆಯವರ ತಲೆಗೆ ಹಾಕೋಕಾಗಲ್ಲ ಅಂತ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ಲು! ಯಾಕಮ್ಮ ಹಾಗಂದೆ ಅಂತ ಕೇಳೋಕೆ ನಿನ್ನೆ ಬಂದ್ರೆ, ಓಣೀಲಿ ರಂಪ ಆಗ್ಬಾರ್ದು ಅಂತ ಒಳಗೆಳ್ಕೊಂಡು ಮತ್ತೆ ಅದೇ ಅಂದ್ಲು. ನನ್ನ ದುಡ್ಡು ದುಡ್ಡಲ್ವಾ? ನನ್ನ ತಲೆ ತಲೆಯಲ್ವಾ?"

ಹುಡುಗಿ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಿದ್ದಳು. ಮಾತಾಡೇ ಪೆದ್ದಿ, ಎಂದು ದೊಡ್ಡಮ್ಮನ ಜೀವ ಒಳಗೊಳಗೇ ಚೀರುತ್ತಿತ್ತು.

"ಈಗ ನಾಲಿಗೆ ಬಿದ್ದುಹೋಯ್ತಾ? ಅವತ್ತು ಅಂದಿದ್ದನ್ನ ಇವರ ಮುಂದೆ ಅನ್ನು ನೋಡೋಣ!"

"ಅಂದೆ," ಎಂದಳು ಹುಡುಗಿ. ಮೊದಲು ಕೇಳಿಸಿಯೂ ಕೇಳಿಸದಂತೆ. ಆಮೇಲೆ ದನಿ ಏರಿತು. "ಹೌದು, ಅಂದೆ. ಈಗ್ಲೂ ಅಂತೀನಿ. ಯಾಕೆ ಬರ್ತೀರಿ ಇಲ್ಲಿಗೆ? ಬರಬೇಡಿ ಅಂತ ಕೈಮುಗಿದು ಹೇಳಿದ್ರೂ ಬರ್ತೀರಲ್ಲ, ನಾಚಿಕೆ ಆಗಲ್ವಾ? ನೀವು ಕಾಲಿಟ್ಟ ಮನೆ ಒಂದಾದ್ರೂ ಉದ್ಧಾರ ಆಗಿದ್ಯಾ? ಬೇರೆಯವರು ಬದುಕೋದು ನಿಮಗೆ ಬೇಡ. ನಿಮ್ಮ ಮುಖ ಕಂಡ್ರೆ ನನಗೆ ಹೇಸಿಗೆ. ಹೋಗಿ! ಇನ್ನೊಂದ್ಸಲ ಈ ಬಾಗಿಲಿಗೆ ಬಂದ್ರೆ ಕಾಲು ಮುರೀತೀನಿ!"

ಬಕೆಟ್ಟಿನ ನೀರು ದೊಡ್ಡಮ್ಮನ ಮೊಣಕಾಲಿನವರೆಗೂ ಬಂದು ಬಿತ್ತು. ಅದರೊಂದಿಗೆ ಬಂದ ಬಾಚಣಿಗೆಯೊಂದು ಅವಳ ಪಾದಕ್ಕೆ ತಗುಲಿ ಉರುಳಿತು. ನಾಟಕವನ್ನು ಆರಂಭಿಸಿದವಳು ದೊಡ್ಡಮ್ಮ, ನಿಜ. ಆದರೆ ಹುಡುಗಿಯ ಮಾತಿನಲ್ಲಿ ನಾಟಕ ಒಂದು ಚೂರೂ ಇರಲಿಲ್ಲ. ಅದು ಅವಳಿಗೆ ತಿಳಿಯಿತು, ತಿಳಿದು ಎದೆ ಉರಿಯಿತು.

ಮನೆಯೊಡತಿ ಹುಡುಗಿಯ ಹೆಗಲ ಮೇಲೆ ಕೈಯಿಟ್ಟಳು. "ಬಿಡು ಮಗಳೇ, ನಡಿ ಒಳಗೆ. ನಾನೇ ಏನೇನೋ ಅಂದ್ಕೊಂಡ್ಬಿಟ್ಟೆ. ನಮ್ಮ ತಂಗಿಗೆ ಹೇಳ್ತೀನಿ, ಎಂಥ ಹುಡುಗಿ ಸಿಕ್ಕಿದಾಳೆ ಅಂತ," ಎಂದು ಅವಳನ್ನು ಒಳಗೆ ಕರೆದುಕೊಂಡು ಹೋದಳು. ಹುಡುಗಿ ತಿರುಗಿ ನೋಡಲಿಲ್ಲ. ನಲ್ಲಿಯ ಸಾಲು ಎರಡಾಗಿ ಸರಿದು ದೊಡ್ಡಮ್ಮನಿಗೆ ಅಗಲವಾಗಿ ದಾರಿ ಬಿಟ್ಟಿತು. ಅಷ್ಟು ಅಗಲದ ದಾರಿ ಅವಳಿಗೆ ಜೀವಮಾನದಲ್ಲೇ ಯಾರೂ ಬಿಟ್ಟಿರಲಿಲ್ಲ.

ಇಂಥ ಸುದ್ದಿಗೆ ಕಾಲು ಬೇಕಾಗಿಲ್ಲ, ಹಳಿಯ ಅಡ್ಡಿಯೂ ಇಲ್ಲ. ಆ ವಾರ ಮುಗಿಯುವುದರೊಳಗೆ ಅದು ಅವಳ ವಠಾರಕ್ಕೆ ಬಂದು ಮುಟ್ಟಿತು. ಪಕ್ಕದ ಮನೆಯವಳು ಮುಖ ತಿರುಗಿಸಲಿಲ್ಲ, ನಗುತ್ತಲೇ ಇದ್ದಳು. ಮಗುವನ್ನು ಮಾತ್ರ ಸೊಂಟದ ಮೇಲೇ ಇಟ್ಟುಕೊಂಡು ನೀರಿಗೆ ಹೋಗತೊಡಗಿದಳು. ದೊಡ್ಡಮ್ಮ ಎರಡು ದಿನ ಬಾಗಿಲಲ್ಲಿ ಕೂತು ಕಾದಳು, ಮೂರನೆಯ ದಿನ ಬಾಗಿಲು ಹಾಕಿಕೊಂಡಳು. ಅತ್ತಳೋ ಇಲ್ಲವೋ ಎಂದು ಕೇಳುವವರಿಗೆ ಬೇರೆ ಕೆಲಸವಿಲ್ಲ. ಅತ್ತಳು. ಮೇಡಂ ಬೈಯಬಹುದೆಂದು, ಆಗ ತಾನೂ ಮನಸಾರೆ ಜಗಳವಾಡಬಹುದೆಂದು ಹೋದರೆ, ಅವರು ಎಲ್ಲ ಕೇಳಿ ತಲೆ ತಗ್ಗಿಸಿ ಕೂತರು. ಬೇಕಾದರೆ ಮಾತ್ರೆ ಕೊಡುವ ಕಿಟಕಿಯಲ್ಲಿ ಕಾಂಪೌಂಡರ್ ಜೊತೆ ಕೆಲಸ ಮಾಡಿ ಎಂದರು. ಬೇಡ ಎನ್ನಲು ಅವಳಿಗೆ ಬೇರೆ ಜಾಗವಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಕಿಟಕಿಯ ಆಚೆ ಬಣ್ಣದ ಔಷಧಿಯ ವಾಸನೆ ಬಂತು. ದೊಡ್ಡಮ್ಮ ತಲೆಯೆತ್ತಿದಳು. ಪಾರ್ಲರಿನವಳು ತಲೆಯ ಮೇಲೆ ಬಟ್ಟೆ ಎಳೆದುಕೊಂಡು ನಿಂತಿದ್ದಳು. ಕೆನ್ನೆ ಒಳಸರಿದಿತ್ತು, ಕಣ್ಣು ಮಾತ್ರ ಬೆಂಕಿ. ದೊಡ್ಡಮ್ಮ ಏನೋ ಹೇಳಬೇಕೆಂದು ಬಾಯಿ ತೆರೆದಳು. ತಪ್ಪಾಯಿತು ಎಂದೋ, ಊಟ ಮಾಡಿದೆಯಾ ಎಂದೋ, ಅವಳಿಗೇ ಗೊತ್ತಿರಲಿಲ್ಲ.

ಹುಡುಗಿ ಅವಳನ್ನು ದಾಟಿ ಒಳಗೆ ನೋಡಿದಳು. "ಮಾತ್ರೆ ಕೊಡೋಕೆ ಬೇರೆ ಯಾರೂ ಇಲ್ವಾ?"

ದೊಡ್ಡಮ್ಮ ಬಾಯಿ ಮುಚ್ಚಿದಳು. ಎದ್ದು ಕಾಂಪೌಂಡರನಿಗೆ ಕೈಸನ್ನೆ ಮಾಡಿ ಬೀರುವಿನ ಹಿಂದೆ ಹೋಗಿ ನಿಂತಳು. ಡಬ್ಬಿಗಳನ್ನು ಕಿಟಕಿಯ ಕಲ್ಲಿನ ಮೇಲಿಡುವ ಸದ್ದು, ಯಾವಾಗ ನುಂಗಬೇಕೆಂದು ಅವನು ಹೇಳುವ ಸದ್ದು, ಚೀಲದ ಜಿಪ್ ಎಳೆದ ಸದ್ದು ಎಲ್ಲವನ್ನೂ ಉಸಿರು ಬಿಡದೆ ಕೇಳಿಸಿಕೊಂಡಳು. ಚಪ್ಪಲಿಯ ಸದ್ದು ಕಾರಿಡಾರಿನ ಕೊನೆಯವರೆಗೂ ಹೋದ ಮೇಲೆ ಹೊರಗೆ ಬಂದಳು.

"ಏನ್ ಕೊಬ್ಬು ನೋಡು ಹಾಳಾದೋಳಿಗೆ," ಎಂದಳು, ಕಣ್ಣೊರೆಸಿಕೊಳ್ಳುತ್ತ. "ಎಲ್ಲಾ ತಗೊಂಡ್ಲಾ?"

"ತಗೊಂಡ್ಲು," ಎಂದ ಕಾಂಪೌಂಡರ್.

"ಸರಿಯಾಗಿ ನೋಡಿದ್ಯಾ? ಒಂದನ್ನೂ ಬಿಟ್ಟುಹೋಗಿಲ್ಲ ತಾನೆ?"

ಅವನು ಕಿಟಕಿಯ ಕಲ್ಲನ್ನು ತೋರಿಸಿದ. ಅದು ಖಾಲಿಯಾಗಿತ್ತು.